ವಿಡಿಯೊಕ್ಕೂ ಒಂದು ವಸ್ತಿ ಇರಲಿ

ಹೋದ ತಿಂಗಳು ಬೆಟಗೇರಿ ಬಸ್ ನಿಲ್ದಾಣದ ಎದುರಿನ ಚಾದಂಗಡಿಯಲ್ಲಿ ಕೂತಿದ್ದೆ. ನಮ್ಮ ಓಣಿಯ ಹುಡುಗ, ಇಪ್ಪತ್ತರ ಆಸುಪಾಸಿನವನು, ಬಂದು ಪಕ್ಕಕ್ಕೆ ಕೂತು ಮೊಬೈಲನ್ನು ನನ್ನ ಮೂಗಿಗೇ ತಾಗುವಂತೆ ಹಿಡಿದ. “ಕಾಕಾ, ನೋಡ್ರಿಲ್ಲೆ. ಹೆಂಗ ಹಿಂಡ ಹಿಂಡ ಬಂದು ಇಳ್ಯಾಕತ್ತಾರ ನೋಡ್ರಿ. ಇನ್ನೊಂದ್ ಹತ್ತು ವರ್ಷಕ್ಕ ಗದಗಿನ್ಯಾಗ ನಾವ ಹೊರಗಿನವರಾಗ್ತೀವಿ.” ನಲವತ್ತು ಸೆಕೆಂಡಿನ ವಿಡಿಯೊ. ಗದಗ ಜಂಕ್ಷನ್ನಿನ ಪ್ಲಾಟ್‌ಫಾರ್ಮು, ನಿಂತ ರೈಲು, ಜನರಲ್ ಡಬ್ಬಿಯ ಬಾಗಿಲಲ್ಲಿ ನೂಕುನುಗ್ಗಲು, ತಲೆಯ ಮೇಲೆ ಗಂಟು, ಬಗಲಲ್ಲಿ ಕೂಸು. ಮೇಲೆ ಕೆಂಪು ಅಕ್ಷರದಲ್ಲಿ ‘ಹೊರರಾಜ್ಯದವರ ದಂಡು’ ಎಂಬ ಬರಹ. ಹಿಂದಿನಿಂದ ಯುದ್ಧದ ಸಿನಿಮಾದ ಹಾಗೆ ನಗಾರಿ ಸದ್ದು ಬೇರೆ.

ಕನ್ನಡಕ ಏರಿಸಿ ಇನ್ನೊಮ್ಮೆ ಹಾಕಿಸಿದೆ. ಮತ್ತೊಮ್ಮೆ ಹಾಕಿಸಿದೆ. ಮೂರನೆಯ ಸಲಕ್ಕೆ ಗೊತ್ತಾಯಿತು: ಆ ಜನ ಇಳಿಯುತ್ತಿರಲಿಲ್ಲ, ಹತ್ತುತ್ತಿದ್ದರು. ಇಳಿಯುವವರ ಗಂಟು ಮೊದಲು ಹೊರಗೆ ಬರುತ್ತದೆ, ಹತ್ತುವವರ ಗಂಟು ಮೊದಲು ಒಳಗೆ ಹೋಗುತ್ತದೆ. ಮೂವತ್ತೊಂದು ವರ್ಷ ಕಂಡಕ್ಟರ್‌ಕಿ ಮಾಡಿದವನಿಗೆ ಇಷ್ಟೂ ತಿಳಿಯದಿದ್ದರೆ ಹೇಗೆ? ಡಬ್ಬಿಯ ಮೇಲಿನ ಬೋರ್ಡಿನಲ್ಲಿ ವಾಸ್ಕೋ ಎಂದಿತ್ತು. ಹೌರಾ ಕಡೆಯಿಂದ ಒಡಿಶಾ, ಆಂಧ್ರ ದಾಟಿ, ಬಳ್ಳಾರಿ, ಕೊಪ್ಪಳ, ಗದಗ, ಹುಬ್ಬಳ್ಳಿ ಮೇಲೆ ಗೋವಾಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸು. ಬಾಗಿಲ ಹತ್ತಿರ ತೋಳ ತುಂಬ ಬಿಳಿ ಬಳೆ ತೊಟ್ಟ ಲಂಬಾಣಿ ಅಜ್ಜಿಯೊಬ್ಬಳು ಯೂರಿಯಾ ಚೀಲವನ್ನು ಒಳಗೆ ದೂಡುತ್ತಿದ್ದಳು. ಹಾಗೆ ಚೀಲದಲ್ಲಿ ಜೋಳದ ಹಿಟ್ಟು ಕಟ್ಟಿಕೊಂಡು ಗೋವಾಕ್ಕೆ ಹೊರಡುವವರು ಬಂಗಾಳದವರಲ್ಲ, ನಮ್ಮ ಮುಂಡರಗಿ, ಶಿರಹಟ್ಟಿ ಕಡೆಯವರು.

ಹುಡುಗನಿಗೆ ತೋರಿಸಿದೆ. ನೋಡಿದ, ನಾಚಿದ. “ಹೌದಲ್ರೀ ಕಾಕಾ. ಆದ್ರ ಆಗ್ಲೇ ಮೂರು ಗ್ರುಪ್ಪಿಗೆ ಹಾಕೀನ್ರಿ,” ಅಂದ.

ತಮ್ಮಾ, ತಂಗೀ, ಈ ನಾಲ್ಕು ಮಾತು ಬರೆಯಲು ಕೂತದ್ದು ಅವನ ಆ ಕೊನೆಯ ಮಾತಿಗಾಗಿ.

ನಾನು ನೌಕರಿ ಸೇರಿದ್ದು 1985ರಲ್ಲಿ, ಆಗ ನಮ್ಮದು ಕೆಎಸ್‌ಆರ್‌ಟಿಸಿ. 1997ರಲ್ಲಿ ಗದಗ ಜಿಲ್ಲೆಯಾಯಿತು, ಅದೇ ವರ್ಷ ನಮ್ಮದೂ ವಾಯವ್ಯ ಸಾರಿಗೆಯಾಯಿತು. ಪಗಾರ ಮಾತ್ರ ಅಷ್ಟೇ ಇತ್ತು. ಆ ನೌಕರಿಯಲ್ಲಿ ಹತ್ತು ವರ್ಷ ಗೋವಾ ರೂಟು ಮಾಡಿದ್ದೇನೆ. ಹುಬ್ಬಳ್ಳಿ, ಧಾರವಾಡ, ಅಳ್ನಾವರ, ರಾಮನಗರ ದಾಟಿ ಅನಮೋಡ ಘಟ್ಟ ಇಳಿದರೆ ಮೊಲೆಂ ಚೆಕ್‌ಪೋಸ್ಟು. ಆ ಬಸ್ಸು ಹತ್ತುವವರನ್ನು ನೋಡಿಯೇ ನಮ್ಮ ಸೀಮೆಯ ಮಳೆಯ ಲೆಕ್ಕ ಹೇಳಬಹುದಿತ್ತು. ಮುಂಗಾರಿ ಹೆಸರು ಹೋದರೆ ಹಿಂಗಾರಿ ಜೋಳ, ಕಡಲೆ. ಅದೂ ಹೋದರೆ ಗೋವಾ. ಕಪ್ಪತಗುಡ್ಡದ ಸೆರಗಿನ ತಾಂಡಾಗಳಿಂದ, ಡೋಣಿ, ಡಂಬಳದ ಕಡೆಯಿಂದ ಇಡೀ ಸಂಸಾರಗಳೇ ಬರುತ್ತಿದ್ದವು. ಹಿಟ್ಟಿನ ಚೀಲ, ಖಾರಪುಡಿಯ ಡಬ್ಬಿ, ಕೌದಿಯಲ್ಲಿ ಸುತ್ತಿದ ಸ್ಟೌವು. ಒಮ್ಮೊಮ್ಮೆ ಬುಟ್ಟಿಯಲ್ಲೊಂದು ಕೋಳಿ. ಅದಕ್ಕೂ ಟಿಕೆಟ್ ಹರಿಯಬೇಕೆಂದರೆ ಜಗಳ. ಹಿಂದೆ ಅಜ್ಜ, ಅಜ್ಜಿ, ಶಾಲೆಗೆ ಹೋಗುವ ದೊಡ್ಡ ಮಗ ಬಸ್‌ಸ್ಟ್ಯಾಂಡಿನಲ್ಲೇ ಉಳಿಯುತ್ತಿದ್ದರು. ಬಸ್ಸು ಹೊರಟ ಮೇಲೂ ಆ ಮಗ ಸ್ವಲ್ಪ ದೂರ ಓಡಿ ಬರುತ್ತಿದ್ದ. ನಾನು ತಿರುಗಿ ನೋಡುತ್ತಿರಲಿಲ್ಲ, ಟಿಕೆಟ್ ಹರಿಯುವ ನೆವ ಮಾಡುತ್ತಿದ್ದೆ.

ಗೋವಾದಲ್ಲಿ ನಮಗೊಂದು ಹೆಸರಿದೆ: ಘಾಟಿ. ಘಟ್ಟದ ಮೇಲಿನವರು ಎಂಬುದು ಅರ್ಥ. ಆಡುವ ಧ್ವನಿಯಲ್ಲಿ ಅದು ಬೈಗುಳ. ವಾಸ್ಕೋದ ಬೈನಾ ಕಡಲತೀರದಲ್ಲಿ ಕನ್ನಡ ಮಾತಾಡುವವರ ಗುಡಿಸಲು, ಮನೆಗಳು ಸಾಲುಸಾಲಾಗಿದ್ದವು. 2004ರಲ್ಲಿ ಒಮ್ಮೆ, ಆಮೇಲೆ 2017ರಲ್ಲಿ ಮತ್ತೆ ಅಲ್ಲಿ ಜೆಸಿಬಿ ಓಡಿದವು. ಅಕ್ರಮ ಕಟ್ಟಡ ಎಂಬುದು ಸರ್ಕಾರದ ಕಾರಣ, ಅದರಲ್ಲಿ ಕಾನೂನಿನ ಮಾತೂ ಇದ್ದೀತು. ಆದರೆ ಮನೆ ಬಿದ್ದ ಸುದ್ದಿಯ ಕೆಳಗೆ ಕೆಲವರು ಬರೆಯುತ್ತಿದ್ದ ಮಾತುಗಳಲ್ಲಿ ಕಾನೂನು ಇರಲಿಲ್ಲ, ‘ಶನಿ ತೊಲಗಿತು’ ಎನ್ನುವ ಖುಷಿ ಇತ್ತು.

ನಿವೃತ್ತನಾದ ಮೇಲೆ ನಡೆದದ್ದು ಇದು. ಮುಂಡರಗಿ ಕಡೆಯ ಒಬ್ಬ ಗೌಂಡಿ, ಮಾಪುಸಾದಲ್ಲಿ ದುಡಿಯುವವನು, ಹಬ್ಬಕ್ಕೆ ಊರಿಗೆ ಬಂದಾಗ ನನ್ನನ್ನು ಕಾಣಲು ಬಂದಿದ್ದ. ಕೊಂಕಣಿ ವಿಡಿಯೊ ಒಂದನ್ನು ತೋರಿಸಿದ. ಬೆಳಗಿನ ಏಳು ಗಂಟೆ, ನಾಲ್ಕು ದಾರಿ ಕೂಡುವಲ್ಲಿ ಕೂಲಿಗಾಗಿ ಕಾದು ನಿಂತ ಜನ, ಕೈಯಲ್ಲಿ ಬುತ್ತಿ ಡಬ್ಬಿ. ಮಾತಾಡುವವನು ಕಾರಿನೊಳಗೆ ಕೂತು ಮೊಬೈಲು ತಿರುಗಿಸುತ್ತ, ನಮ್ಮ ನಾಡು ಹೊಲಸಾಗಿದ್ದು ಇವರಿಂದ, ಇವರು ವೋಟು ಹಾಕಲೆಂದೇ ಬಂದವರು ಎನ್ನುತ್ತಿದ್ದ. ಗೌಂಡಿ ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಂದು ಹೇಳಿದ, ಬೇರೆ ಯಾರದೋ ಕತೆ ಹೇಳಿದ ಹಾಗೆ. ಕೊನೆಗೆ ಬೆರಳಿಟ್ಟು ತೋರಿಸಿದ: “ಈ ನೀಲಿ ಅಂಗಿಯಂವ ನಾನ ರೀ.”

ಗೋವಾದವರ ಅಂಜಿಕೆ ಪೂರಾ ಸುಳ್ಳೆಂದು ನಾನು ಹೇಳುವುದಿಲ್ಲ. 2011ರ ಜನಗಣತಿಯಂತೆ ಹದಿನೈದು ಲಕ್ಷವೂ ಮುಟ್ಟದ ಜನಸಂಖ್ಯೆ, ಅಂಗೈಯಗಲದ ನಾಡು, ಮುಗಿಲು ಮುಟ್ಟಿದ ಜಾಗದ ರೇಟು. ಆ ಅಂಜಿಕೆ ಫೇಸ್‌ಬುಕ್ಕಿನಲ್ಲಿ ಬೆಳೆಯಿತು, ಬೆಳೆದು ಪಕ್ಷವೂ ಆಯಿತು. ರೆವಲ್ಯೂಷನರಿ ಗೋವನ್ಸ್ ಎಂಬ ಆ ಹೊಸ ಪಕ್ಷ 2022ರ ಚುನಾವಣೆಯಲ್ಲಿ ಒಂದು ಸೀಟು ಗೆದ್ದಿತು. 1961ರ ಡಿಸೆಂಬರಿಗೆ ಮುಂಚಿನ ಬೇರು ಇದ್ದವರೇ ಗೋವಾ ಮೂಲದವರು, ಸವಲತ್ತು ಅವರಿಗೇ ಎಂಬುದು ಅದರ ಮುಖ್ಯ ಬೇಡಿಕೆ. ಜಾಗ ಕೊಂಡು ಬಂಗಲೆ ಕಟ್ಟಿಸಿಕೊಂಡ ದೆಹಲಿಯ ಸಾಹುಕಾರ ಕಾಂಪೌಂಡಿನೊಳಗೆ ಇರುತ್ತಾನೆ, ವಿಡಿಯೊದಲ್ಲಿ ಬರುವುದಿಲ್ಲ. ರಸ್ತೆ ಬದಿಗೆ ನಿಂತ ನಮ್ಮ ಗೌಂಡಿ ಬರುತ್ತಾನೆ. ಬಿಟ್ಟಿಯಾಗಿ ಸಿಗುವ ಮುಖ ಬಡವನದೇ.

ಈಗ ಬೆಂಗಳೂರಿಗೆ ಬನ್ನಿ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರದ ಕರಿಯಮ್ಮನ ಅಗ್ರಹಾರದ ಗುಡಿಸಲುಗಳ ವಿಡಿಯೊ ಹರಿದಾಡಿತು. ಇಲ್ಲಿರುವವರು ಅಕ್ರಮವಾಗಿ ಬಂದ ಬಾಂಗ್ಲಾದೇಶದವರು ಎಂಬ ಮಾತು ಅದರ ಜೊತೆಗಿತ್ತು. ಆ ಕ್ಷೇತ್ರದ ಶಾಸಕರೇ ಅದನ್ನು ಟ್ವಿಟರಿನಲ್ಲಿ ಹಂಚಿದರು. ವಾರ ಕಳೆಯುವಷ್ಟರಲ್ಲಿ ಗುಡಿಸಲು ನೆಲಸಮ. ಆಮೇಲೆ ಪತ್ರಕರ್ತರು ಹೋಗಿ ಮಾತಾಡಿಸಿದಾಗ ಅಸ್ಸಾಮಿನವರು, ತ್ರಿಪುರದವರು ಸಿಕ್ಕರು, ಜೊತೆಗೆ ಉತ್ತರ ಕರ್ನಾಟಕದವರೂ ಸಿಕ್ಕರು. ಆಧಾರ್ ಕಾರ್ಡು, ವೋಟರ್ ಕಾರ್ಡು ಹಿಡಿದು ನಿಂತಿದ್ದರು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನವರು ಹೈಕೋರ್ಟಿಗೆ ಹೋದರು, ತಡೆಯಾಜ್ಞೆ ಬಂತು. ಬಿದ್ದ ಗುಡಿಸಲಿಗೆ ತಡೆಯಾಜ್ಞೆ ಬಂದು ಏನು ಮಾಡೀತು? ಕನ್ನಡದ ನೆಲದಲ್ಲೇ, ಕನ್ನಡ ಮಾತಾಡುವ ಕೂಲಿಯವನು ಒಂದು ವಾರ ಬಾಂಗ್ಲಾದೇಶದವನಾಗಿದ್ದ. ಆ ವಿಡಿಯೊವನ್ನು ಫಾರ್ವರ್ಡ್ ಮಾಡಿದವರಲ್ಲಿ ಗದಗಿನವರು ಇರಲಿಲ್ಲ ಎಂದು ಎದೆ ಮುಟ್ಟಿ ಹೇಳಲು ನನಗಾಗದು.

ನಾನೇನು ಮಹಾ ಸಾಚಾ ಅಲ್ಲ. 2018ರ ಬೇಸಿಗೆ ನಿಮಗೂ ನೆನಪಿರಬೇಕು, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ರಾಜ್ಯದ ತುಂಬ ಹಬ್ಬಿತ್ತು. ಹೊಸದಾಗಿ ಮಗ ಕೊಡಿಸಿದ ಸ್ಮಾರ್ಟ್‌ಫೋನು ನನ್ನ ಕೈಯಲ್ಲಿ. ಬೆಳಗ್ಗೆ ಎದ್ದರೆ ಎಲ್ಲರಿಗೂ ಗುಲಾಬಿ ಹೂವಿನ ಚಿತ್ರ ಕಳಿಸುವ ಚಟ. ‘ಚಾದರ ಮಾರುವ ವೇಷದಲ್ಲಿ ಉತ್ತರದ ಕಡೆಯವರು ಬಂದಿದ್ದಾರೆ, ಎಲ್ಲ ಗ್ರುಪ್ಪಿಗೂ ಕಳಿಸಿ’ ಎಂದು ಒಂದು ಮೆಸೇಜು ಬಂತು. ನನಗೆ ಮೊಮ್ಮಕ್ಕಳಿದ್ದಾರೆ, ಹೆದರಿದೆ, ಕಳಿಸಿದೆ. ಎರಡು ದಿನದ ಮೇಲೆ ಯಾವುದೋ ಕೆಲಸಕ್ಕೆ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹೊರಗೆ ಗುಂಪು. ನಡುವೆ ಸೈಕಲ್ಲಿಗೆ ಚಾದರ ಹೇರಿಕೊಂಡ ಒಬ್ಬ ಮುದುಕ, ನನ್ನ ವಯಸ್ಸಿನವನೇ, ಕೈ ಮುಗಿದು ನಿಂತಿದ್ದ. ಸೈಕಲ್ಲಿನ ಸ್ಟ್ಯಾಂಡು ಮುರಿದಿತ್ತು. ಅಷ್ಟು ಗದ್ದಲದಲ್ಲೂ ಅದು ಬೀಳದ ಹಾಗೆ ಸೊಂಟ ಕೊಟ್ಟು ಆನಿಸಿಕೊಂಡಿದ್ದ. ಒಬ್ಬ ಹುಡುಗ ಮೊಬೈಲು ಎತ್ತಿ ಹಿಡಿದು ಓದುತ್ತಿದ್ದ. ಅದೇ ಮೆಸೇಜು. ‘ಎಲ್ಲ ಗ್ರುಪ್ಪಿಗೂ’ ಎಂಬಲ್ಲಿನ ಕಾಗುಣಿತದ ತಪ್ಪೂ ಅದೇ. ಪುಣ್ಯಕ್ಕೆ ಅಲ್ಲಿದ್ದ ಚಾದಂಗಡಿಯವ, “ಏ, ಈ ಅಜ್ಜ ಹತ್ತು ವರ್ಷದಿಂದ ಬರ್ತಾನ, ನಮ್ಮ ಮನ್ಯಾಗಿನ ಚಾದರ ಎಲ್ಲಾ ಇವಂದ,” ಎಂದು ಕೂಗಿ ಬಿಡಿಸಿದ. ನಾನು ಹತ್ತಡಿ ದೂರ ನಿಂತಿದ್ದೆ, ಬಾಯಿ ಬರಲಿಲ್ಲ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕೂಗಿದವನು.

ಆ ಮುದುಕನ ಪುಣ್ಯ ಎಲ್ಲರಿಗೂ ಇರಲಿಲ್ಲ. ಅದೇ ವರ್ಷದ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದಿದ್ದ ಯುವಕನನ್ನು ಮಕ್ಕಳ ಕಳ್ಳನೆಂದು ಬಡಿದು ಕೊಂದರು. ಜುಲೈ 13ರಂದು ಬೀದರ ಜಿಲ್ಲೆ ಔರಾದ ತಾಲ್ಲೂಕಿನಲ್ಲಿ, ಹೈದರಾಬಾದಿನಿಂದ ಬಂದ ಗೆಳೆಯರು ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಜನ ಸಂಶಯಪಟ್ಟರು, ಅವರು ಕಾರು ಹತ್ತಿ ಹೊರಟರು. ಆದರೆ ಅವರಿಗಿಂತ ಮುಂಚೆ ವಿಡಿಯೊ ಮುರ್ಕಿ ಗ್ರಾಮ ಮುಟ್ಟಿತ್ತು. ಅಲ್ಲಿ ದಾರಿಗೆ ಅಡ್ಡಗಟ್ಟಿ ಕಾದಿದ್ದರು. ಒಬ್ಬ ಇಂಜಿನಿಯರ್ ಸತ್ತ. ಆ ತಿಂಗಳೇ ವಾಟ್ಸಾಪಿನವರು ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದೇ ಕಡೆ ಕಳಿಸಬಹುದು ಎಂಬ ಮಿತಿ ತರಲು ಹೊರಟರು. ಬಹಳ ಸಲ ಕೈ ಬದಲಿಸಿದ ಮೆಸೇಜಿಗೆ ಎರಡು ಬಾಣದ ಗುರುತು ಬಂದದ್ದೂ, ಅಂಥದ್ದನ್ನು ಒಮ್ಮೆಗೆ ಒಂದೇ ಕಡೆ ಕಳಿಸಬೇಕೆಂದಾದದ್ದೂ ಆಮೇಲೆ.

ಐದು ಎಂದಾಗ ಇನ್ನೊಂದು ನೆನಪು. 2012ರ ಆಗಸ್ಟಿನಲ್ಲಿ, ಇನ್ನೂ ಇಷ್ಟೊಂದು ಸ್ಮಾರ್ಟ್‌ಫೋನು ಇರದ ಕಾಲದಲ್ಲಿ, ಸರ್ಕಾರವೇ ಎಸ್ಸೆಮ್ಮೆಸ್ಸಿಗೆ ಒಮ್ಮೆಗೆ ಐದೇ ಮಂದಿಗೆ ಎಂಬ ಕಟ್ಟು ಹಾಕಿತ್ತು. ಅಸ್ಸಾಮಿನ ಗಲಭೆಯ ಸೇಡು ಇಲ್ಲಿ ತೀರಿಸುತ್ತಾರೆ ಎಂಬ ಸುಳ್ಳು ಮೆಸೇಜಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಎರಡು ಮೂರು ದಿನದಲ್ಲಿ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಹುಬ್ಬಳ್ಳಿಯ ಜಗದೀಶ ಶೆಟ್ಟರ್. ಹೋಗಬೇಡಿ, ನಾವಿದ್ದೇವೆ ಎಂದು ಸರ್ಕಾರ ಎಷ್ಟು ಹೇಳಿದರೂ ಜನ ನಂಬಿದ್ದು ಫೋನನ್ನು. ಬಸ್ಸಿನಲ್ಲಿ ಒಬ್ಬ ಎದ್ದರೆ ಸ್ಟಾಪು ಬಂತೆಂದು ಉಳಿದವರೂ ಏಳುತ್ತಾರಲ್ಲ, ಹಾಗೆ.

ನಿಮಗೆ ಫೋನಿನ ಒಳಗುಟ್ಟು ನನಗಿಂತ ಹೆಚ್ಚು ಗೊತ್ತು. ನನಗೆ ತಿಳಿದಷ್ಟು ಹೇಳುತ್ತೇನೆ. ದಿನಾ ಐವತ್ತು ಅರವತ್ತು ಮಂದಿಯನ್ನು ಗೋವಾಕ್ಕೆ ಕರೆದೊಯ್ದಿದ್ದೇನೆ. ಹತ್ತು ಟ್ರಿಪ್ಪಿಗೊಮ್ಮೆ ಕುಡಿದು ಗಲಾಟೆ ಮಾಡುವವನೊಬ್ಬ ಸಿಗುತ್ತಿದ್ದ. ಉಳಿದವರು ನಿದ್ದೆ ಮಾಡುತ್ತಿದ್ದರು. ನಾನು ಟ್ರಿಪ್ಪಿನ ಲೆಕ್ಕ ಬರೆಯುವ ವೇಬಿಲ್ಲಿನಲ್ಲಿ ಗಲಾಟೆ ಮಾಡಿದವರ ಹೆಸರನ್ನಷ್ಟೇ ಬರೆದಿದ್ದರೆ, ಗೋವಾ ಬಸ್ಸಿಗೆ ಹತ್ತುವವರೆಲ್ಲ ಕುಡುಕರೆಂದು ಡಿಪೋದವರು ತಿಳಿಯುತ್ತಿದ್ದರು. ರೀಲ್ಸು ಅಂಥ ವೇಬಿಲ್ಲು. ನಿದ್ದೆ ಮಾಡಿದವರು ಅದರಲ್ಲಿ ಇಲ್ಲ. ಒಂದು ಜಗಳವನ್ನು ಪೂರ್ತಿ ನೋಡಿದೆಯೋ, ಇವನಿಗೆ ಜಗಳ ಬೇಕು ಎಂದು ಫೋನು ಬರೆದುಕೊಂಡು ಇನ್ನೂ ಹತ್ತು ಜಗಳ ತಂದು ಮುಂದಿಡುತ್ತದೆ. ವಾರದಲ್ಲಿ ನಿನಗೆ ಇಡೀ ಊರೇ ಜಗಳವಾಗಿ ಕಾಣುತ್ತದೆ. ಹೊರಗೆ ಬಂದು ನೋಡಿದರೆ ಗದಗಿನ ಮಾರ್ಕೆಟ್ಟಿನಲ್ಲಿ ಬಿಹಾರದ ಹುಡುಗ ಉಳ್ಳಾಗಡ್ಡಿ ಚೀಲ ಹೊರುತ್ತಿರುತ್ತಾನೆ, ಅಷ್ಟೇ.

ಹಾಗಂತ ನಿಮ್ಮ ಸಿಟ್ಟಿಗೆ ಕಾರಣವೇ ಇಲ್ಲ ಎನ್ನಲಾರೆ. ಬೆಟಗೇರಿಯ ಗೌಂಡಿಯೊಬ್ಬ ನನ್ನ ಮುಂದೆ ಹೇಳಿದ್ದಾನೆ, ಹೊರಗಿನವರು ಕಡಿಮೆ ಕೂಲಿಗೆ ಬರುತ್ತಾರೆ, ತನಗೆ ವಾರದಲ್ಲಿ ಮೂರೇ ದಿನ ಕೆಲಸ ಎಂದು. ಅವನ ಹೊಟ್ಟೆಯ ಸಂಕಟ ಸುಳ್ಳಲ್ಲ. ಆದರೆ ಕಡಿಮೆ ಕೂಲಿ ಗೊತ್ತು ಮಾಡಿದವನು ಯಾರು? ಗುತ್ತಿಗೆದಾರ. ಬೇರೆ ರಾಜ್ಯದಿಂದ ಐದು ಮಂದಿ ಕೂಲಿಯವರನ್ನು ಕರೆತಂದರೂ ಲೈಸೆನ್ಸು ಬೇಕು, ಇಲ್ಲಿಯವರಿಗೆ ಕೊಡುವಷ್ಟೇ ಕೂಲಿ ಕೊಡಬೇಕು ಎಂಬ 1979ರ ಕಾಯ್ದೆ 2025ರವರೆಗೂ ಇತ್ತು. ಮತ್ತೆ ಐದು ನೋಡಿ! ಆ ಕಾಯ್ದೆ ಮುರಿದವನ ವಿಡಿಯೊವನ್ನು ಯಾರಾದರೂ ನಿಮಗೆ ಕಳಿಸಿದ್ದಾರೆಯೇ? ಬಿಹಾರದವನಿಗೆ ಸರಿಯಾದ ಕೂಲಿ ಸಿಕ್ಕರೆ ಬೆಟಗೇರಿಯವನಿಗೂ ವಾರ ಪೂರ್ತಿ ಕೆಲಸ ಸಿಗುತ್ತದೆ. ಕಡಿಮೆ ಕೂಲಿಯ ಇದೇ ದೂರನ್ನು ಮಾಪುಸಾದ ಕೊಂಕಣಿ ಗೌಂಡಿ ನಮ್ಮ ಗೌಂಡಿಯ ಮೇಲೆ ಹೇಳುತ್ತಾನೆ.

ಕನ್ನಡದ ಮಾತಿಗೆ ನಾನು ಗಟ್ಟಿ. ಇಲ್ಲಿ ಬಂದು ಉಣ್ಣುವವರು ಕನ್ನಡ ಕಲಿಯಲೇಬೇಕು. ಗೋವಾಕ್ಕೆ ಹೋದ ನಮ್ಮ ತಾಂಡಾದ ಹೆಂಗಸರು ಆರು ತಿಂಗಳಿಗೆ ಕೊಂಕಣಿಯಲ್ಲಿ ಮೀನಿನ ಚೌಕಾಸಿ ಮಾಡುತ್ತಾರೆ, ಇವರಿಗೇನು ಧಾಡಿ? ಆದರೆ ಕಲಿಸುವವರೂ ಬೇಕು. ಮೊಬೈಲು ಮುಖಕ್ಕೆ ಹಿಡಿದು ‘ಕನ್ನಡ ಮಾತಾಡು’ ಎಂದು ಗದರಿಸಿದರೆ ಅವನು ಕಲಿಯುವುದು ಹೆದರಿಕೆಯನ್ನು. ಪಂಪನ ಹಿರಿಯರು ವೆಂಗಿಯ ಕಡೆಯವರು, ಇಂದಿನ ಆಂಧ್ರದವರು. ಅಂಥವನು ಹತ್ತನೆಯ ಶತಮಾನದಲ್ಲಿ ತನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಪುಲಿಗೆರೆಯ ತಿರುಳ್ಗನ್ನಡವನ್ನು. ಪುಲಿಗೆರೆ ಎಂದರೆ ನಮ್ಮ ಲಕ್ಷ್ಮೇಶ್ವರ, ಗೊತ್ತಲ್ಲ? ಕನ್ನಡದ ಆದಿಕವಿ ವಲಸೆ ಬಂದ ಮನೆತನದವನು. ಅಷ್ಟು ಹಿಂದೆ ಹೋಗುವುದೂ ಬೇಡ. ಗದಗ-ಬೆಟಗೇರಿಯ ಸಾವಜಿ ಖಾನಾವಳಿಗೆ ಭಾನುವಾರ ಸಾಲು ಹಚ್ಚುತ್ತೀರಲ್ಲ, ಆ ಮಂದಿಯ ಹಿರಿಯರು ತಾವು ಉತ್ತರದ ಮಾಂಡು ಕಡೆಯಿಂದ ಬಂದವರೆಂದು ಹೇಳಿಕೊಳ್ಳುತ್ತಾರೆ. ಮನೆಯಲ್ಲಿ ಇಂದಿಗೂ ಬೇರೆ ನುಡಿ. ಆ ಖಾರದ ಸಾರು ಹೊರಗಿನದೆಂದು ಯಾರಾದರೂ ಹೇಳಿದರೆ ನೀವೇ ಹೊಡೆದಾಟಕ್ಕೆ ನಿಲ್ಲುತ್ತೀರಿ.

ಇನ್ನು ಮಾಡಬೇಕಾದದ್ದೇನು ಎಂದರೆ, ನಾನು ಹೇಳುವುದು ನಮ್ಮ ಇಲಾಖೆಯ ಭಾಷೆಯಲ್ಲೇ. ವಸ್ತಿ ಬಸ್ಸು ಗೊತ್ತಲ್ಲ? ರಾತ್ರಿ ಹಳ್ಳಿ ಮುಟ್ಟುತ್ತದೆ, ಅಲ್ಲೇ ನಿಲ್ಲುತ್ತದೆ, ಬೆಳಗ್ಗೆ ಬೆಳಕಲ್ಲಿ ಹೊರಡುತ್ತದೆ. ಹೊರಗಿನವರು ಹಾಗೆ ಮಾಡಿದರು, ಹೀಗೆ ಮಾಡಿದರು ಎಂಬ ವಿಡಿಯೊ ನಿನ್ನ ಫೋನಿಗೆ ಬಂದರೆ ಅದಕ್ಕೂ ಒಂದು ರಾತ್ರಿ ವಸ್ತಿ ಹಾಕಿಸು. 2025ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ವಾಯುಪಡೆಯ ಅಧಿಕಾರಿಯೊಬ್ಬರು ರಕ್ತ ಒಸರುವ ಮುಖದಲ್ಲಿ ವಿಡಿಯೊ ಹಾಕಿದರು: ಕನ್ನಡ ಮಾತಾಡುವ ಬೈಕ್ ಸವಾರ ತಮ್ಮ ಮೇಲೆ ಹಲ್ಲೆ ಮಾಡಿದ ಎಂದು. ಇಡೀ ದೇಶ ಕನ್ನಡಿಗರನ್ನು ಬೈಯಿತು. ಆಮೇಲೆ ಸಿಸಿಟಿವಿ ದೃಶ್ಯ ಹೊರಬಂತು, ಅದರಲ್ಲಿ ಆ ಅಧಿಕಾರಿಯೇ ಹುಡುಗನನ್ನು ಬಡಿಯುತ್ತಿದ್ದರು. ಪೊಲೀಸರು ಅವರ ಮೇಲೂ ಕೇಸು ಹಾಕಿದರು. ಆಗ ನಮ್ಮವರು ತಿರುಗಿಸಿ ಎಲ್ಲ ಹಿಂದಿಯವರನ್ನೂ ಬೈದರು. ಮೊದಲು ಅವರು ಒಂದು ರಾತ್ರಿ ಕಾಯಲಿಲ್ಲ, ಆಮೇಲೆ ನಾವೂ ಕಾಯಲಿಲ್ಲ.

ಆ ರಾತ್ರಿಯಲ್ಲಿ ಮಾಡುವ ಕೆಲಸವೂ ಇದೆ. ಸದ್ದು ಬಂದ್ ಮಾಡಿ, ಬರಹಕ್ಕೆ ಹೆಬ್ಬೆರಳು ಮುಚ್ಚಿ ವಿಡಿಯೊ ನೋಡು. ಬೋರ್ಡು ಯಾವ ಭಾಷೆಯದು, ಗಾಡಿಯ ನಂಬರು ಯಾವ ರಾಜ್ಯದ್ದು, ಹತ್ತುತ್ತಿದ್ದಾರೋ ಇಳಿಯುತ್ತಿದ್ದಾರೋ. 2023ರ ಮಾರ್ಚಿನಲ್ಲಿ ತಮಿಳುನಾಡಿನಲ್ಲಿ ಬಿಹಾರಿಗಳನ್ನು ಕೊಲ್ಲುತ್ತಿದ್ದಾರೆ ಎಂದು ಹಬ್ಬಿದ ವಿಡಿಯೊಗಳು ಎಲ್ಲೆಲ್ಲಿನವೋ ಆಗಿದ್ದವು. ಕೆಲಸದವರು ಹೆದರಿ ಊರಿಗೆ ಹೊರಟ ಮೇಲೆ ಅದು ಬಯಲಾಯಿತು. ಬೋರ್ಡು ಓದಲು ಬರದಿದ್ದರೆ ಓದಲು ಬರುವವರನ್ನು ಕೇಳು. ನಿಮ್ಮ ಮನೆಯಲ್ಲಿ ಒಬ್ಬರಾದರೂ ಗೋವಾ, ಮಂಗಳೂರು, ಬೆಂಗಳೂರು ಕಂಡವರು ಇರುತ್ತಾರೆ. ಅವರಿಗೆ ತೋರಿಸು. ಅವರು ಏನೂ ಹೇಳದೆ ಸುಮ್ಮನೆ ಕೂತರೆ ಅದನ್ನೂ ಗಮನಿಸು.

ಕಳಿಸಿಯಾದ ಮೇಲೆ ತಪ್ಪೆಂದು ಗೊತ್ತಾದರೆ? ಚಾದಂಗಡಿಯ ಆ ಹುಡುಗ ಕೇಳಿದ್ದು ಇದನ್ನೇ. ಅಳಿಸಿಬಿಡಲೇ ಎಂದ. ಬರೀ ಅಳಿಸಬೇಡ ಎಂದೆ. ಅದೇ ಮೂರು ಗ್ರುಪ್ಪಿನಲ್ಲಿ ಬರೆ, ಇದು ಬರುವವರದಲ್ಲ, ಹೋಗುವವರದು, ನಮ್ಮವರದೇ ಎಂದು. ಬರೆದ. ಒಂದರಲ್ಲಿ ಇಬ್ಬರು ನಕ್ಕ ಚಿತ್ರ ಹಾಕಿದರು. ಇನ್ನೊಂದರಲ್ಲಿ ಯಾರೂ ಏನೂ ಅನ್ನಲಿಲ್ಲ. ಮೂರನೆಯದರಲ್ಲಿ ಒಬ್ಬ, “ಆ ಬಿಳಿ ಬಳಿ ಅಜ್ಜಿ ನಮ್ಮ ತಾಂಡಾದಾಕಿ” ಎಂದು ಬರೆದ. ಅಷ್ಟರಲ್ಲಿ ಆ ವಿಡಿಯೊ ಕೊಪ್ಪಳ ದಾಟಿತ್ತೋ ಏನೋ.

ಅಮರಾವತಿ ಈಗಲೂ ವಾರದಲ್ಲಿ ಕೆಲವು ದಿನ ಗದಗಿಗೆ ಬರುತ್ತದೆ. ಜನರಲ್ ಡಬ್ಬಿಯೊಳಗೆ ಒಡಿಶಾದವರು ಮೊದಲೇ ಕೂತಿರುತ್ತಾರೆ, ನಮ್ಮವರು ಹತ್ತಿದಾಗ ಬೈಯುತ್ತ ಬೈಯುತ್ತಲೇ ಸರಿದು ಜಾಗ ಕೊಡುತ್ತಾರೆ. ಬಿಡುವಿದ್ದಾಗ ಒಮ್ಮೆ ಸ್ಟೇಷನ್ನಿಗೆ ಹೋಗಿ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ, ಮೊಬೈಲು ಕಿಸೆಯಲ್ಲೇ ಇರಲಿ. ಯಾವುದಾದರೂ ಅಜ್ಜಿಯ ಹಿಟ್ಟಿನ ಚೀಲ ಒಳಗೆ ಎತ್ತಿ ಕೊಟ್ಟು ಬನ್ನಿ. ಎರಡು ಕೈಯೂ ಬೇಕಾಗುವಷ್ಟು ಭಾರ ಇರುತ್ತದೆ.